ನಮ್ಮ ದನಿ ಟವರಿಗೆ ಕೇಳಬೇಕು

ದೀಪಾವಳಿ ಮುಗಿಯಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹೋರಿ ಹಬ್ಬ ಶುರು. ಇವತ್ತು ಈ ಊರು, ನಾಳೆ ಆ ಊರು. ಕೊಬ್ಬರಿ ಹಾರ, ಬಲೂನು, ಬಣ್ಣದ ಜೂಲ ಹೊತ್ತ ಹೋರಿ ಅಖಾಡ ದಾಟಿ ಹೋಗುವ ಕೆಲವೇ ಕ್ಷಣಗಳಿಗಾಗಿ ಜನ ಟ್ರ್ಯಾಕ್ಟರ್ ಏರಿ, ಮನೆ ಮಾಡು ಹತ್ತಿ ಕಾಯುತ್ತಾರೆ. ಆ ಓಟವನ್ನು ಕ್ಯಾಮೆರಾದಲ್ಲಿ ಹಿಡಿದು ಯೂಟ್ಯೂಬಿನಲ್ಲಿ ಲೈವ್ ಬಿಡುವುದು ನನ್ನ ಕೆಲಸ. ಶಿರಾಳಕೊಪ್ಪದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೋರಿ ಹಬ್ಬ ಇಲ್ಲದ ತಿಂಗಳಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ.

ನೋಡುವವರು ಎಲ್ಲೆಲ್ಲೋ ಇರುತ್ತಾರೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಹುಡುಗರು, ಗಲ್ಫಿಗೆ ದುಡಿಯಲು ಹೋದವರು, ಕಾಲು ನೋವಿನಿಂದ ಮನೆಯಲ್ಲೇ ಉಳಿದ ಅಜ್ಜಂದಿರು. ‘ಅಣ್ಣಾ, ಲಿಂಕ್ ಹಾಕು, ನಮ್ಮೂರ ಹೋರಿ ಇನ್ನೂ ಬಂದಿಲ್ಲ ತಾನೆ?’ ಎಂದು ಬೆಳಗ್ಗೆಯಿಂದಲೇ ಫೋನು. ಚಿತ್ರ ನಿಂತು ಚಕ್ರ ಸುತ್ತತೊಡಗಿದರೆ ಅದೇ ಹುಡುಗರು ಕೇಳುತ್ತಾರೆ: ‘ಫೈವ್‌ಜಿ ಬಂತಲ್ಲ ಅಣ್ಣಾ, ಇನ್ನೂ ಯಾಕೆ ಹಿಂಗೆ?’ ಆ ಪ್ರಶ್ನೆಗೆ ಫೋನಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡುವವರ ಕಡೆಯಿಂದ ಬರೋಣ. ನಾನು ಕಳಿಸಿದ ವಿಡಿಯೋ ಯೂಟ್ಯೂಬಿನ ಸರ್ವರ್ ತಲುಪಿದ ಮೇಲೆ ಅಲ್ಲಿ ಅದರ ಹಲವು ಪ್ರತಿಗಳು ತಯಾರಾಗುತ್ತವೆ: 1080, 720, 480, 360, ಹೀಗೆ ಬೇರೆ ಬೇರೆ ಗುಣಮಟ್ಟದಲ್ಲಿ. ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿಡುತ್ತಾರೆ. ನಿಮ್ಮ ಫೋನು ಒಂದೊಂದೇ ತುಂಡನ್ನು ಕೇಳಿ ಪಡೆಯುತ್ತದೆ. ನೆಟ್‌ವರ್ಕ್ ಚೆನ್ನಾಗಿದ್ದರೆ ದೊಡ್ಡ ತುಂಡು, ಸೊರಗಿದರೆ ಚಿಕ್ಕದು. ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋಗುತ್ತ ಕ್ರಿಕೆಟ್ ನೋಡುವಾಗ ಚಿತ್ರ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ. ಆ್ಯಪಲ್ ಕಂಪನಿ 2009ರಲ್ಲಿ ಈ ಬಗೆಯ ವ್ಯವಸ್ಥೆಯೊಂದನ್ನು ತಂದಿತು. 2012ರಲ್ಲಿ ‘ಡ್ಯಾಶ್’ ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು.

ಜನ ತುಂಬ ನೋಡುವ ವಿಡಿಯೋದ ಪ್ರತಿಯನ್ನು ದೊಡ್ಡ ನಗರಗಳ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಹಾಗಾಗಿ ನೋಡುವವರೆಲ್ಲ ಅಮೆರಿಕದವರೆಗೆ ಹೋಗಬೇಕಿಲ್ಲ. 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡಲು ಸಾಧ್ಯವಾದದ್ದರ ಹಿಂದೆ ಈ ಏರ್ಪಾಟಿದೆ. ಅಂದರೆ ನೋಡುವ ದಾರಿಗಾಗಿ ಜಗತ್ತು ಹಣವನ್ನೂ ಬುದ್ಧಿಯನ್ನೂ ಧಾರಾಳವಾಗಿ ಸುರಿದಿದೆ.

ಕಳಿಸುವ ದಾರಿಯ ಕಥೆ ಬೇರೆ. ಭಾರತದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಅದರ ಮುಖ್ಯ ತರಂಗಪಟ್ಟಿ 3300 ಮೆಗಾಹರ್ಟ್ಸ್ ಆಸುಪಾಸಿನದು. ಅಲ್ಲಿ ಜಾಗ ಅಗಲವಾಗಿದೆ, ಆದ್ದರಿಂದ ವೇಗ ಹೆಚ್ಚು. ಆದರೆ ಆ ತರಂಗ ಗೋಡೆಗೆ, ಗುಡ್ಡಕ್ಕೆ, ದಟ್ಟ ಎಲೆಗಳಿಗೆ ಬೇಗ ಸೋಲುತ್ತದೆ. ಶಿಕಾರಿಪುರದ ಮೆಕ್ಕೆಜೋಳದ ಬಯಲಿನಲ್ಲಿ ಅದು ಸಲೀಸಾಗಿ ಸಾಗುತ್ತದೆ. ಸೊರಬದ ಕಾನುಗಳ ಅಂಚಿನಲ್ಲಿ, ಅಡಿಕೆ ತೋಟದೊಳಗೆ, ಚಂದ್ರಗುತ್ತಿ ಗುಡ್ಡದ ಮರೆಯಲ್ಲಿ ಬಳಲುತ್ತದೆ. 700 ಮೆಗಾಹರ್ಟ್ಸ್‌ನ ತರಂಗ ಹೆಚ್ಚು ದೂರ ಹೋಗಬಲ್ಲದು, ಆದರೆ ಅಲ್ಲಿ ಜಾಗ ಕಡಿಮೆ. 2022ರ ಹರಾಜಿನಲ್ಲಿ ಆ ಪಟ್ಟಿಯನ್ನು ಕೊಂಡದ್ದು ಜಿಯೋ ಒಂದೇ.

3300ರ ಪಟ್ಟಿಯಲ್ಲಿ ಇನ್ನೊಂದು ವಿಶೇಷವಿದೆ. ಇಳಿಸುವುದಕ್ಕೂ ಏರಿಸುವುದಕ್ಕೂ ಅಲ್ಲಿ ಒಂದೇ ದಾರಿ. ಸರದಿ ಪ್ರಕಾರ ಬಳಸಬೇಕು. ಆ ಸರದಿಯಲ್ಲಿ ಮುಕ್ಕಾಲು ಪಾಲಿನಷ್ಟು ಸಮಯ ಇಳಿಸುವವರಿಗೆ ಮೀಸಲು. ಹೆಚ್ಚು ಜನ ನೋಡುವವರೇ ಆದ್ದರಿಂದ ಕಂಪನಿಗಳ ಲೆಕ್ಕ ತಪ್ಪಲ್ಲ. ಆದರೆ ಅಖಾಡದ ಪಕ್ಕ ನಿಂತ ನನಗೆ ಉಳಿದ ಸಣ್ಣ ಪಾಲೇ ಗತಿ. ಆ ಪಾಲಿಗೂ ಸುತ್ತ ನಿಂತು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ವಿಡಿಯೋ ಏರಿಸುವ ಸಾವಿರಾರು ಮಂದಿ ಪಾಲುದಾರರು.

ಶಕ್ತಿಯ ವ್ಯತ್ಯಾಸವೂ ಇದೆ. ಟವರಿನ ದೊಡ್ಡ 5ಜಿ ಆಂಟೆನಾ ಹೊರಬಿಡುವ ಶಕ್ತಿ ನೂರು ವ್ಯಾಟ್ ದಾಟುವುದುಂಟು. ಕೈಯಲ್ಲಿರುವ ಫೋನಿನದು ಅರ್ಧ ವ್ಯಾಟ್ ಕೂಡ ಇಲ್ಲ. ಜಾತ್ರೆಯ ಮೈಕಿನಲ್ಲಿ ಕೂಗಿದ್ದು ಊರಾಚೆಯ ಗದ್ದೆಗೂ ಕೇಳುತ್ತದೆ, ಗದ್ದೆಯಲ್ಲಿ ನಿಂತವನು ಓಗೊಟ್ಟದ್ದು ಮೈಕಿನವನಿಗೆ ಕೇಳುವುದಿಲ್ಲ. ಫೋನಿನಲ್ಲಿ ಕಾಣುವ ಕಡ್ಡಿಗಳು ಟವರಿನ ಮಾತು ನಮಗೆ ಎಷ್ಟು ಕೇಳುತ್ತಿದೆ ಎಂಬುದನ್ನಷ್ಟೇ ಹೇಳುತ್ತವೆ. ನಮ್ಮ ಮಾತು ಟವರಿಗೆ ಕೇಳುತ್ತಿದೆಯೇ ಎಂಬುದನ್ನು ಯಾವ ಕಡ್ಡಿಯೂ ತೋರಿಸುವುದಿಲ್ಲ. ಕಡ್ಡಿ ತುಂಬಿದ್ದರೂ ಲೈವ್ ಕಡಿಯುವುದು ಇದರಿಂದ.

ಟವರ್ ತಲುಪಿದ ಮೇಲೂ ಪ್ರಯಾಣ ಮುಗಿಯದು. ಅಲ್ಲಿಂದ ಮುಂದೆ ನೆಲದೊಳಗಿನ ಫೈಬರ್ ಇರಬಹುದು, ಅಥವಾ ಟವರಿನ ಮೇಲೆ ಕಾಣುವ ದುಂಡನೆಯ ಮೈಕ್ರೋವೇವ್ ಡಿಶ್ ಇರಬಹುದು. ಫೈಬರಿನಷ್ಟು ಹೊರೆಯನ್ನು ಡಿಶ್ ಹೊರಲಾರದು. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು. 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮಣ್ಣಿನೊಳಗಿನ ಆ ಎಳೆ ಊರಿಗೆ ಬಂದು ಸರಿಯಾಗಿ ಕೆಲಸ ಮಾಡುತ್ತಿದ್ದರೆ 4ಜಿ ಟವರೂ ಚುರುಕಾಗುತ್ತದೆ. ಅದಿಲ್ಲದ ಕಡೆ 5ಜಿ ಎಂಬ ಅಕ್ಷರ ಫೋನಿನ ಮೂಲೆಯಲ್ಲಿ ಮಿಂಚಿ ಪ್ರಯೋಜನವಿಲ್ಲ.

ಸದ್ಯಕ್ಕೆ ನಾವು ಮಾಡುವುದಿಷ್ಟು. ಹಬ್ಬದ ಹಿಂದಿನ ದಿನವೇ ಊರಿಗೆ ಹೋಗಿ ಅಪ್‌ಲೋಡ್ ವೇಗ ಅಳೆಯುತ್ತೇವೆ. ಅಖಾಡದ ಹತ್ತಿರ ಫೈಬರ್ ಇರುವ ಮನೆಯಿದ್ದರೆ ‘ಯಜಮಾನ್ರೇ, ಇವತ್ತೊಂದಿನ ನಿಮ್ಮ ವೈಫೈ ಕೊಡ್ರಿ’ ಎಂದು ಕೇಳಿ ಕೇಬಲ್ ಎಳೆಯುತ್ತೇವೆ. ಅದೂ ಇಲ್ಲದಿದ್ದರೆ ಬೇರೆ ಬೇರೆ ಕಂಪನಿಗಳ ಸಿಮ್‌ಗಳನ್ನು ಒಟ್ಟಿಗೆ ದುಡಿಸುವ ಬಾಂಡಿಂಗ್ ಪೆಟ್ಟಿಗೆ ಬಳಸುತ್ತೇವೆ. 1080ರ ಆಸೆ ಬಿಟ್ಟು 720ಕ್ಕೆ ಇಳಿಯುತ್ತೇವೆ. ಕಡಿಯುವ ಸ್ಪಷ್ಟ ಚಿತ್ರಕ್ಕಿಂತ ಕಡಿಯದ ಸಾಧಾರಣ ಚಿತ್ರ ಮೇಲು. ಹೋರಿ ಎರಡನೇ ಸಲ ಓಡುವುದಿಲ್ಲ.

ಕಳಿಸುವ ದಾರಿಯ ಈ ಇಕ್ಕಟ್ಟಿಗೆ ತಂತ್ರಜ್ಞಾನದಲ್ಲಿ ಉತ್ತರವೂ ಇದೆ. ಪೂರ್ತಿ 5ಜಿ ತಿರುಳಿನ ಮೇಲೆ ಕಟ್ಟಿದ ಜಾಲದಲ್ಲಿ ‘ಸ್ಲೈಸಿಂಗ್’ ಸಾಧ್ಯ: ಜಾಲದ ಒಂದು ಹೋಳನ್ನು ನಿಗದಿತ ಕೆಲಸಕ್ಕೆ ಕಾದಿರಿಸಬಹುದು. ನೋಡುವವರ ಹೊರೆ ಇಳಿಸುವ ದಾರಿಯೂ ಉಂಟು. ಈಗ ಒಂದೇ ಊರಿನ ಐನೂರು ಮಂದಿ ಒಂದೇ ಲೈವ್ ನೋಡಿದರೆ ಟವರ್ ಐನೂರು ಸಲ ಅದನ್ನೇ ಕಳಿಸುತ್ತದೆ. ಒಂದೇ ಸಲ ಬಿತ್ತರಿಸಿ ಎಲ್ಲರಿಗೂ ಮುಟ್ಟಿಸುವ ವಿಧಾನ 5ಜಿಯ 17ನೇ ಆವೃತ್ತಿಯ ಮಾನಕದಲ್ಲಿ ಸೇರಿದೆ. ಸಿಮ್ಮೂ ಇಂಟರ್ನೆಟ್ಟೂ ಇಲ್ಲದೆ ಟಿವಿ ತರಂಗವನ್ನು ನೇರವಾಗಿ ಫೋನಿಗೆ ತಲುಪಿಸುವ ಡಿ2ಎಂ ತಂತ್ರಜ್ಞಾನದ ಪ್ರಯೋಗ ಬೆಂಗಳೂರಿನಲ್ಲೂ ನಡೆದಿದೆ. ಅದರ ಚಿಪ್ ರೂಪಿಸಿದ ಸಾಂಖ್ಯ ಲ್ಯಾಬ್ಸ್ ಹುಟ್ಟಿದ್ದೂ ಬೆಂಗಳೂರಿನಲ್ಲೇ.

ಆದರೆ ಈ ಅನುಕೂಲಗಳು ದೊಡ್ಡ ಚಾನೆಲ್‌ಗಳಿಗೆ, ಕ್ರಿಕೆಟ್ಟಿಗೆ ಮಾತ್ರ ಸಿಕ್ಕರೆ ನಮಗೇನು ಬಂತು? ಹಳ್ಳಿ ಎಂದರೆ ಬರೀ ನೋಡುವ ಜಾಗ ಎಂಬ ಎಣಿಕೆ ಹಳೆಯದಾಯಿತು. ಇಲ್ಲಿ ಹೋರಿ ಓಡುತ್ತದೆ, ಯಕ್ಷಗಾನ ಕುಣಿಯುತ್ತದೆ, ಶುಂಠಿ ಬೆಳೆದ ರೈತ ರೋಗ ಬಂದ ಗಿಡವನ್ನು ವಿಡಿಯೋ ಕರೆಯಲ್ಲಿ ತಜ್ಞರಿಗೆ ತೋರಿಸುತ್ತಾನೆ. ನಮ್ಮಲ್ಲೂ ಜಗತ್ತಿಗೆ ಕಳಿಸುವುದಕ್ಕೆ ಬೇಕಾದಷ್ಟಿದೆ. ಹಬ್ಬದ ಸಮಿತಿಯೊಂದು ಒಂದು ದಿನದ ಮಟ್ಟಿಗೆ ಕೈಗೆಟಕುವ ದರದಲ್ಲಿ ಜಾಲದ ಹೋಳನ್ನು ಬಾಡಿಗೆಗೆ ಪಡೆಯುವಂತಾಗಬೇಕು. ಪಂಚಾಯಿತಿಗೆ ಬಂದ ಫೈಬರ್ ಅಲ್ಲಿಂದ ಶಾಲೆಗೆ, ಜಾತ್ರೆ ಬಯಲಿಗೆ, ಟವರಿಗೆ ಮುಂದುವರಿಯಬೇಕು.

ಸೇವೆ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ಅದನ್ನು ತೆರೆದು ನಿಮ್ಮ ಊರು ಯಾವ ಬಣ್ಣದಲ್ಲಿದೆ ನೋಡಿ. ಆಮೇಲೆ ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್‌ನಲ್ಲಿ ವೇಗ ಅಳೆಯಿರಿ. ಅಲ್ಲಿ ಎರಡು ಸಂಖ್ಯೆಗಳು ಬರುತ್ತವೆ. ಜನ ಮೊದಲನೆಯದನ್ನು ನೋಡಿ ಸುಮ್ಮನಾಗುತ್ತಾರೆ. ಎರಡನೆಯದು ಅಪ್‌ಲೋಡ್. ಮುಂದಿನ ಗ್ರಾಮಸಭೆಯಲ್ಲಿ ನೆಟ್‌ವರ್ಕಿನ ಮಾತು ಬಂದಾಗ ಆ ಎರಡನೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ.