ಏಳು ಮಿಲಿಮೀಟರ್, ಎರಡು ಲಕ್ಷ ಯಂತ್ರ

2016ರ ನವೆಂಬರ್ 8ರ ರಾತ್ರಿ ರದ್ದಾದ ಹಳೆಯ ಐನೂರರ ನೋಟು 167 ಮಿಲಿಮೀಟರ್ ಉದ್ದ, 73 ಮಿಲಿಮೀಟರ್ ಅಗಲ ಇತ್ತು. ಅದರ ಜಾಗಕ್ಕೆ ಬಂದ ಹೊಸ ಐನೂರು 150ಕ್ಕೆ 66. ಹೊಸ ಎರಡು ಸಾವಿರ 166ಕ್ಕೆ 66. ಅಗಲದಲ್ಲಿ ತಗ್ಗಿದ್ದು ಏಳೇ ಮಿಲಿಮೀಟರ್. ಅಳತೆ ಹೀಗೆ ಬದಲಾದದ್ದರಿಂದ ದೇಶದ ಎರಡು ಲಕ್ಷಕ್ಕೂ ಹೆಚ್ಚು ಎಟಿಎಂಗಳು ಹೊಸ ನೋಟು ಕೊಡಲಾಗದೆ ನಿಂತವು.

ಎಟಿಎಂನೊಳಗೆ ನೋಟು ತುಂಬುವ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕಿರುತ್ತವೆ, ಒಂದೊಂದರಲ್ಲೂ ಸುಮಾರು ಎರಡು ಸಾವಿರ ನೋಟು ಹಿಡಿಯುತ್ತದೆ. ಪ್ರತಿ ಕ್ಯಾಸೆಟ್ಟನ್ನೂ ಒಂದು ಅಳತೆಯ ನೋಟಿಗೆ ಹೊಂದಿಸಿರುತ್ತಾರೆ. ಯಾವ ಕ್ಯಾಸೆಟ್‌ನಲ್ಲಿ ಎಷ್ಟು ಮುಖಬೆಲೆಯ, ಎಷ್ಟು ಅಗಲದ ನೋಟಿದೆ ಎಂದು ತಂತ್ರಾಂಶಕ್ಕೂ ತಿಳಿಸಬೇಕು. ಕೇಂದ್ರ ಕಚೇರಿಯಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ ಇದಲ್ಲ. ಎಂಜಿನಿಯರ್ ಪ್ರತಿ ಯಂತ್ರದ ಮುಂದೆ ಹೋಗಿ ನಿಲ್ಲಬೇಕು, ಬಾಗಿಲು ತೆಗೆಯಬೇಕು, ಕ್ಯಾಸೆಟ್ ಹೊಂದಿಸಬೇಕು, ಪರೀಕ್ಷೆಗೆಂದು ನೋಟು ಎಣಿಸಿ ನೋಡಬೇಕು. ಎರಡು ಲಕ್ಷ ಸಲ!

ಅಲ್ಲಿಯವರೆಗೆ ಯಂತ್ರದ ಕೈಲಿದ್ದದ್ದು ಹೆಚ್ಚಾಗಿ ನೂರರ ನೋಟೇ. ಒಬ್ಬರಿಗೆ ದಿನಕ್ಕೆ ಎರಡು ಸಾವಿರ ರೂಪಾಯಿಯ ಮಿತಿ, ಅಂದರೆ ಇಪ್ಪತ್ತು ನೋಟು. ನೂರರ ನೋಟು ತುಂಬಿದ ಒಂದು ಕ್ಯಾಸೆಟ್ ನೂರು ಜನಕ್ಕೆ ಖಾಲಿ. ಅದೇ ಕ್ಯಾಸೆಟ್‌ನಲ್ಲಿ ಎರಡು ಸಾವಿರದ ನೋಟು ತುಂಬಿದ್ದರೆ ಎರಡು ಸಾವಿರ ಜನಕ್ಕೆ ಸಾಲುತ್ತಿತ್ತು. ಬಿಸಿಲಲ್ಲಿ ನಿಂತವರ ಸರದಿ ಏಕೆ ಕರಗಲಿಲ್ಲ ಎಂಬುದಕ್ಕೆ ಈ ಗುಣಾಕಾರಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಕಬ್ಬಿಣದ ಪೆಟ್ಟಿಗೆಗೆ ಇಷ್ಟೆಲ್ಲ ಬೇಕಾದರೂ ಅದನ್ನು ನಡೆಸುವ ಆಜ್ಞೆಗಳು ನಂಬಲಾಗದಷ್ಟು ಚಿಕ್ಕವು. ಎನ್‌ಸಿಆರ್ ಕಂಪನಿಯ ಎನ್‌ಡಿಸಿ ಎಂಬ ಪದ್ಧತಿಯನ್ನೇ ನೋಡಿ, ದಶಕಗಳಿಂದ ಚಾಲ್ತಿಯಲ್ಲಿದೆ. ಅದರಲ್ಲಿ ಗ್ರಾಹಕ ಮಾಡುವ ಒಂದೊಂದು ಹೆಜ್ಜೆಗೂ ಒಂದು 'ಸ್ಟೇಟ್'. ಒಂದು ಸ್ಟೇಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ, ಅದರ ಹಿಂದೆ ಮೂರು ಮೂರು ಅಂಕಿಯ ಎಂಟು ಸಂಖ್ಯೆ. ಒಟ್ಟು 25 ಚಿಹ್ನೆ, ಅಷ್ಟೇ. ಎ ಎಂದರೆ ಕಾರ್ಡ್ ಓದು, ಬಿ ಎಂದರೆ ಪಿನ್ ಕೇಳು, ಎಫ್ ಎಂದರೆ ಮೊತ್ತ ಕೇಳು, ಐ ಎಂದರೆ ಬ್ಯಾಂಕಿಗೆ ಕೋರಿಕೆ ಕಳಿಸು, ಜೆ ಎಂದರೆ ಮುಗಿಸು. ಯಾವ ಪರದೆ ತೋರಿಸಬೇಕು, ಗ್ರಾಹಕ ಕ್ಯಾನ್ಸಲ್ ಒತ್ತಿದರೆ ಎಲ್ಲಿಗೆ ಹೋಗಬೇಕು, ಏನೂ ಒತ್ತದೆ ಸುಮ್ಮನೆ ನಿಂತರೆ ಎಲ್ಲಿಗೆ ಎಂಬುದೆಲ್ಲ ಆ ಸಂಖ್ಯೆಗಳಲ್ಲೇ ಇರುತ್ತದೆ. ಸಾವಿರ ಸ್ಟೇಟ್ ಬರೆದರೂ 25 ಸಾವಿರ ಚಿಹ್ನೆ, ಪುಸ್ತಕದ ಹದಿನೈದಿಪ್ಪತ್ತು ಪುಟದಷ್ಟು. ಅಷ್ಟರಲ್ಲಿ ಒಂದು ಬ್ಯಾಂಕಿನ ಕೌಂಟರು ಅಡಗಿದೆ. ಇನ್ನು ಪರದೆಗಳಿಗೆ ಬೇರೆ ಲೆಕ್ಕ: ಇಂಗ್ಲಿಷ್, ಹಿಂದಿ, ಕನ್ನಡ ಮೂರೂ ಬೇಕೆಂದರೆ ಪ್ರತಿ ಪರದೆಯನ್ನೂ ಮೂರು ಸಲ ಮಾಡಬೇಕು.

ಯಂತ್ರ ಮಾಡುವ ಕಂಪನಿಗಳು ಹಲವು, ಒಂದರ ಒಳಭಾಷೆ ಇನ್ನೊಂದಕ್ಕೆ ಬಾರದು. ಮೂರು ಕಂಪನಿಯ ಯಂತ್ರ ಕೊಂಡ ಬ್ಯಾಂಕು ಮೂರು ತಂತ್ರಾಂಶ ಬರೆಸಬೇಕಿತ್ತು. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಮುಂದೆ ನಿಂತು ರೂಪಿಸಿದ, ಆಮೇಲೆ ಯುರೋಪಿನ ಮಾನಕ ಸಂಸ್ಥೆ ಸಿಇಎನ್ ವಹಿಸಿಕೊಂಡ ಎಕ್ಸ್‌ಎಫ್‌ಎಸ್ ಎಂಬ ಮಾನಕ ಈ ಕಷ್ಟವನ್ನು ಬಹುಮಟ್ಟಿಗೆ ತಪ್ಪಿಸಿತು. ಕಾರ್ಡ್ ರೀಡರ್, ಪಿನ್ ಪ್ಯಾಡ್, ನೋಟು ಕೊಡುವ ಭಾಗ, ಪಾಸ್‌ಬುಕ್ ಪ್ರಿಂಟರ್ ಎಲ್ಲಕ್ಕೂ ಒಂದೊಂದು ವರ್ಗ, ವರ್ಗಕ್ಕೊಂದು ಸಾಮಾನ್ಯ ಆಜ್ಞೆಗಳ ಗುಂಪು. ಶಾಖೆಯ ಕ್ಯಾಷಿಯರ್ ಪಕ್ಕದ ಪ್ರಿಂಟರನ್ನೂ ಬೀದಿಬದಿಯ ಎಟಿಎಂ ಅನ್ನೂ ಒಂದೇ ಬಗೆಯ ಆಜ್ಞೆಯಿಂದ ನಡೆಸಬಹುದು.

ಎಕ್ಸ್‌ಎಫ್‌ಎಸ್‌ನಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿವರ ಇದೆ. ಹಣ ಕೊಡುವುದು ಒಂದು ಆಜ್ಞೆಯಲ್ಲ, ಎರಡು. ಮೊದಲನೆಯದು ನೋಟುಗಳನ್ನು ಕ್ಯಾಸೆಟ್‌ನಿಂದ ಎಳೆದು ಒಳಗೇ ಒಟ್ಟು ಮಾಡುತ್ತದೆ. ಎರಡು ನೋಟು ಅಂಟಿಕೊಂಡು ಬಂದರೆ ಅವನ್ನು ರಿಜೆಕ್ಟ್ ಪೆಟ್ಟಿಗೆಗೆ ತಳ್ಳಿ ಬೇರೆ ಎಳೆಯುತ್ತದೆ. ಎರಡನೆಯದು ಬಾಗಿಲು ತೆರೆದು ಕಂತೆಯನ್ನು ಹೊರಗೆ ಚಾಚುತ್ತದೆ. ಇವೆರಡರ ನಡುವಿನ ಕ್ಷಣದಲ್ಲಿ ಹಣ ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ. ಎಟಿಎಂ ತಂತ್ರಾಂಶ ಬರೆಯುವವರ ನಿಜವಾದ ದುಡಿಮೆ ಇರುವುದು ಅಲ್ಲಿ. ಕರೆಂಟು ಹೋಗಬಹುದು, ಲಿಂಕ್ ಕಡಿಯಬಹುದು, ನೋಟು ಸಿಕ್ಕಿಕೊಳ್ಳಬಹುದು. ಎಲ್ಲ ಸರಿಯಾಗಿ ನಡೆಯುವ ದಾರಿ ಒಂದೇ, ತಪ್ಪುವ ದಾರಿಗಳು ಹತ್ತಾರು. ಒಂದೊಂದಕ್ಕೂ ಮೊದಲೇ ಉತ್ತರ ಬರೆದಿಡಬೇಕು.

ನಿಮ್ಮ ಪಿನ್ ನಾಲ್ಕಂಕಿಯದಾದರೆ ಅದು ಹತ್ತು ಸಾವಿರ ಸಾಧ್ಯತೆಗಳಲ್ಲಿ ಒಂದು. ಅಷ್ಟು ಬಡ ಗುಟ್ಟು ಅದು. ಅದಕ್ಕೇ ಪಿನ್ ಪ್ಯಾಡ್ ಅದನ್ನು ಅಲ್ಲಿಯೇ ಗೂಢಲಿಪಿಗೆ ತಿರುಗಿಸುತ್ತದೆ, ಯಂತ್ರದ ಕಂಪ್ಯೂಟರಿಗೂ ಬಿಚ್ಚಿ ಹೇಳುವುದಿಲ್ಲ. ಬಹುಕಾಲ ಬಳಕೆಯಲ್ಲಿರುವ ಟ್ರಿಪಲ್ ಡಿಇಎಸ್ ಎಂಬ ಗೂಢಲಿಪಿ ಪದ್ಧತಿಯ 112 ಬಿಟ್ ಕೀಲಿಯ ಸಾಧ್ಯತೆಗಳನ್ನು ಬರೆದರೆ 34 ಅಂಕಿಯ ಸಂಖ್ಯೆ. ನಾಲ್ಕಂಕಿಯ ಗುಟ್ಟಿಗೆ ಮೂವತ್ತನಾಲ್ಕು ಅಂಕಿಯ ಕಾವಲು.

ಯಂತ್ರದ ಕೋರಿಕೆ ಮೊದಲು ಸ್ವಿಚ್‌ಗೆ, ಅಂದರೆ ಎಟಿಎಂಗಳನ್ನು ಬ್ಯಾಂಕಿಗೆ ಜೋಡಿಸುವ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಅದು ಸಾಮಾನ್ಯವಾಗಿ ಸಾಗುವುದು ಐಎಸ್‌ಒ 8583 ಎಂಬ ರೂಪದಲ್ಲಿ. ಈ ರೂಪ ಮೊದಲು ಪ್ರಕಟವಾದದ್ದು 1987ರಲ್ಲಿ, ಭಾರತದ ಮೊದಲ ಎಟಿಎಂ ಮುಂಬೈನಲ್ಲಿ ಬಂದ ವರ್ಷವೂ ಅದೇ. ಬ್ಯಾಂಕಿನಿಂದ ಬರುವ ತೀರ್ಪು ಎರಡೇ ಅಂಕಿ. 55 ಬಂದರೆ ಪಿನ್ ತಪ್ಪು, 51 ಬಂದರೆ ಖಾತೆಯಲ್ಲಿ ಹಣ ಸಾಲದು, 00 ಬಂದರೆ ಕೊಡು.

ಆ ಎರಡು ಸೊನ್ನೆಯ ತೂಕ ಎಷ್ಟೆಂದು 2018ರ ಆಗಸ್ಟ್ 11ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿಗೆ ಗೊತ್ತಾಯಿತು. ಕಳ್ಳರು ಬ್ಯಾಂಕಿನ ಸ್ವಿಚ್ಚಿನ ಜಾಗದಲ್ಲಿ ತಮ್ಮದೊಂದು ನಕಲಿಯನ್ನು ಕೂರಿಸಿದ್ದರು. ಕೋರಿಕೆಗಳು ಖಾತೆಯವರೆಗೆ ಹೋಗಲೇ ಇಲ್ಲ, ನಕಲಿಯೇ ಒಪ್ಪಿಗೆ ಕೊಟ್ಟಿತು. ಸುಮಾರು ಎರಡು ಗಂಟೆಯಲ್ಲಿ 28 ದೇಶಗಳಲ್ಲಿ ಸುಮಾರು 12 ಸಾವಿರ ಸಲ, ಭಾರತದೊಳಗೆ ಇನ್ನೂ 2,800ಕ್ಕೂ ಹೆಚ್ಚು ಸಲ ಹಣ ತೆಗೆದರು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ! 80 ಕೋಟಿ ರೂಪಾಯಿ ಹೋಯಿತು. ಆ ಹೊತ್ತಿನಲ್ಲಿ ಪ್ರತಿ ಯಂತ್ರವೂ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಇದರ ಉಲ್ಟಾ ಸಂಗತಿ ನಮಗೆಲ್ಲ ಹೆಚ್ಚು ಪರಿಚಿತ: ಹಣ ಕೈಗೆ ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಟ್ ಆಗಿದೆ. ಆಗ ಕೋರಿಕೆಯನ್ನು ಹಿಂದೆ ತಿರುಗಿಸುವ ಇನ್ನೊಂದು ಸಂದೇಶ ಹೋಗಬೇಕು. ಅದೂ ದಾರಿಯಲ್ಲಿ ಕಳೆದುಹೋದರೆ, ಯಂತ್ರ ಬರೆದಿಡುವ ಎಲೆಕ್ಟ್ರಾನಿಕ್ ಜರ್ನಲ್ಲನ್ನೂ ಸ್ವಿಚ್ಚಿನ ದಾಖಲೆಯನ್ನೂ ಬ್ಯಾಂಕು ತಾಳೆ ನೋಡುತ್ತದೆ. ಐದು ದಿನದೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಸ್ಲಿಪ್ ಬಂದಿದ್ದರೆ ಎಸೆಯಬೇಡಿ. ಅದರ ಮೇಲಿನ ಎಟಿಎಂ ಐಡಿ, ಸಮಯ ಮತ್ತು ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ ಇದ್ದರೆ ಆ ದಿನದ ಅಷ್ಟೂ ವಹಿವಾಟಿನ ರಾಶಿಯಲ್ಲಿ ನಿಮ್ಮ ಸಾಲು ಸಿಕ್ಕೇ ಸಿಗುತ್ತದೆ.