ಹಿಂಗಾರಿನ ಮೋಡ, ಇಬ್ಬನಿ ಮತ್ತು ಜನಪದರ ಮುನ್ನರಿವು

ಮಳೆಯನ್ನು ಕುರಿತ ಜನಪದ ಅಧ್ಯಯನಗಳು ನಮ್ಮಲ್ಲಿ ಬಹುಮಟ್ಟಿಗೆ ಮುಂಗಾರಿನ ಸುತ್ತಲೇ ನಡೆದಿವೆ. ಮಳೆರಾಯನ ಆಚರಣೆ, ಗುರ್ಜಿ ಪೂಜೆ, ಕಪ್ಪೆಗಳ ಮದುವೆಗೆ ದೊರೆತ ಗಮನ ಚಳಿಗಾಲದ ಆಕಾಶಕ್ಕೆ ದೊರೆತಿಲ್ಲ. ಆದರೆ ವಿಜಯಪುರ, ಕಲಬುರಗಿ, ಗದಗ ಜಿಲ್ಲೆಗಳ ಎರೆಭೂಮಿಯ ರೈತನಿಗೆ ಕಾರ್ತಿಕದಿಂದ ಪುಷ್ಯದವರೆಗಿನ ಮೋಡವೂ ಅಷ್ಟೇ ನಿರ್ಣಾಯಕವಾದುದು. ಆಗ ಹಿಂಗಾರಿ ಜೋಳ, ಕಡಲೆ, ಕುಸುಬೆ ಹೊಲದಲ್ಲಿರುತ್ತವೆ. ತೊಗರಿ ಕಾಯಿಕಟ್ಟಿ ಕೊಯ್ಲಿನತ್ತ ಸಾಗುತ್ತಿರುತ್ತದೆ. ಈ ಹೊತ್ತಿನಲ್ಲಿ ಕವಿದ ಮುಗಿಲು ಮಳೆ ಸುರಿಸಿ ಬೆಳೆ ಕೆಡಿಸಬಹುದು, ಒಂದು ಹನಿಯನ್ನೂ ಸುರಿಸದೆಯೂ ಕೆಡಿಸಬಹುದು.

ಎರಡನೆಯದನ್ನು ಅರಿಯಲು ಇಬ್ಬನಿಯಿಂದ ಆರಂಭಿಸಬೇಕು. ಇಬ್ಬನಿ 'ಬೀಳುತ್ತದೆ' ಎನ್ನುವುದು ನಮ್ಮ ನುಡಿಯ ರೂಢಿ. ವಾಸ್ತವವಾಗಿ ಅದು ಮೇಲಿನಿಂದ ಬೀಳುವುದಲ್ಲ. ಶುಭ್ರ ರಾತ್ರಿಯಲ್ಲಿ ನೆಲ ಮತ್ತು ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾದಾಗ, ಅವುಗಳನ್ನು ತಾಕಿದ ಗಾಳಿಯ ತೇವ ಅಲ್ಲಿಯೇ ಹನಿಗಟ್ಟುತ್ತದೆ. ಮೋಡ ಹೊದಿಕೆಯಂತೆ ಆ ಶಾಖವನ್ನು ತಡೆಯುವುದರಿಂದ ಮೋಡದ ರಾತ್ರಿ ಚಳಿಯೂ ಕಡಿಮೆ, ಇಬ್ಬನಿಯೂ ಕಡಿಮೆ. ಎರೆಮಣ್ಣಿನ ಜೋಳ, ಕಡಲೆಗಳು ನೆಲದೊಳಗಿನ ತೇವವನ್ನೇ ನೆಚ್ಚಿ ಬೆಳೆಯುವ ಬೆಳೆಗಳು. ಇಬ್ಬನಿ ಅವಕ್ಕೆ ಸಣ್ಣ ಆಸರೆ. ಕಡಲೆ ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ, ಇಬ್ಬನಿಯೊಡನೆ ಕರಗಿ ಬಂದ ಹುಳಿಯನ್ನು ಬೆಳಗಿಗೆ ಹಿಂಡಿ, ಹೊಟ್ಟೆಯ ಬೇನೆಗೆ ಮದ್ದಾಗಿ ಕಾಯ್ದಿಡುವ ಪದ್ಧತಿ ಈ ತಿಳಿವಳಿಕೆಯ ಒಂದು ಫಲ. ಮೋಡ ಮುಸುಕಿದ ತೇವದ ದಿನಗಳು ಮುಂದುವರಿದರೆ ತೊಗರಿಗೆ ಕಾಯಿಕೊರಕ, ಜೋಳಕ್ಕೆ ಹೇನಿನ ಕಾಟ ಹೆಚ್ಚುತ್ತದೆ. ಮಳೆಯ ಪ್ರಮಾಣವನ್ನಷ್ಟೇ ಹೇಳುವ ಮುನ್ಸೂಚನೆಯಿಂದ ಈ ರೈತನಿಗೆ ಅರ್ಧ ಉತ್ತರ ಮಾತ್ರ ದೊರೆಯುವುದು ಇದರಿಂದಲೇ.

ಮೋಡಗಳನ್ನು ಆಕಾರದಿಂದ ವರ್ಗೀಕರಿಸಿ ಲ್ಯಾಟಿನ್ ಹೆಸರಿಟ್ಟವನು ಇಂಗ್ಲೆಂಡಿನ ಲ್ಯೂಕ್ ಹೊವಾರ್ಡ್, ಕಾಲ 1802. ಅದನ್ನೇ ಬೆಳೆಸಿ ಇಂದು ಹತ್ತು ಮೂಲ ಪ್ರಕಾರಗಳನ್ನು ಹೇಳಲಾಗುತ್ತದೆ. ನಮ್ಮ ವಿಷಯಕ್ಕೆ ಮೂರು ಸಾಕು: ಬಹು ಎತ್ತರದಲ್ಲಿ ಹಿಮದ ಹರಳುಗಳಿಂದಾದ ಎಳೆಮೋಡ, ಕೆಳಗೆ ಚಾದರದಂತೆ ಹರಡುವ ಪದರಮೋಡ, ರಾಶಿಯಾಗಿ ಮೇಲೇಳುವ ಗುಡ್ಡೆಮೋಡ. ಗುಡುಗು, ಆಲಿಕಲ್ಲುಗಳು ಎತ್ತರವಾಗಿ ಬೆಳೆದ ಗುಡ್ಡೆಮೋಡದವು. ಚಳಿಗಾಲದ ತಂಪು ಒಣಗಾಳಿಯಲ್ಲಿ ಅದು ಅಪರೂಪ. ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳ ತುಂತುರು ಪದರಮೋಡದ್ದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಮೊದಲು ಎಳೆಮೋಡ ಹಾಯ್ದು, ಅದು ತೆಳುಪರದೆಯಾಗಿ ಹರಡಿ, ಬಳಿಕ ಬೂದುಬಣ್ಣದ ಪದರ ಕವಿಯುವುದುಂಟು.

ಚಂದ್ರನ ಸುತ್ತಲಿನ ಉಂಗುರ ದೂರವಿದ್ದರೆ ಮಳೆ ಹತ್ತಿರ, ಉಂಗುರ ಹತ್ತಿರವಿದ್ದರೆ ಮಳೆ ದೂರ ಎಂಬ ನಂಬಿಕೆ ಕನ್ನಡ, ತೆಲುಗು ಸೀಮೆಗಳೆರಡರಲ್ಲಿಯೂ ಇದೆ. ಇದನ್ನು ಒಗಟಿನ ಚಮತ್ಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ದೊಡ್ಡ ಉಂಗುರ, ಸಂಸ್ಕೃತದ ಪರಿವೇಷ, ಹಿಮಹರಳಿನ ತೆಳುಪರದೆಯಲ್ಲಿ ಬೆಳಕು ಬಾಗುವುದರಿಂದ ಚಂದ್ರನಿಂದ 22 ಡಿಗ್ರಿ ದೂರದಲ್ಲಿ ಮೂಡುತ್ತದೆ. ಆ ಪರದೆ ಕುಸಿತದ ಮುಂಚೂಣಿಯಾಗಿರಬಹುದು. ಚಂದ್ರನಿಗೆ ಅಂಟಿದ ಕಿರುಬಳೆ ನೀರಹನಿಗಳ ತೆಳುಮೋಡದಿಂದ ಉಂಟಾಗುವುದು. ಅದಕ್ಕೆ ಅಂಥ ಸೂಚನೆಯಿಲ್ಲ. ಉಂಗುರ ಕಂಡೂ ಮಳೆ ಬಾರದಿರುವ ರಾತ್ರಿಗಳೂ ಉಂಟು. ಕುಸಿತ ಬೇರೆಡೆಗೆ ಹೊರಳಿರುತ್ತದೆ.

ಮಳೆ ನಕ್ಷತ್ರಗಳ ವಿಚಾರ ಹೀಗಲ್ಲ. ಸ್ವಾತಿ, ವಿಶಾಖ, ಅನುರಾಧ ಮಳೆಗಳೆಂದರೆ ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳು. ಇದು ಮುನ್ಸೂಚನೆಯಲ್ಲ, ಬಿತ್ತನೆಯ ಪಂಚಾಂಗ. ಅಲ್ಲದೆ ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘ. ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಮಳೆ, ಉತ್ಪಾತಗಳನ್ನು ಕುರಿತು ರಟ್ಟಕವಿ 'ರಟ್ಟಮತ'ವನ್ನು ರಚಿಸಿದ್ದು ಕ್ರಿ.ಶ. 1300ರ ಸುಮಾರಿಗೆ. ಅಂದಿನಿಂದ ಹತ್ತು ದಿನಗಳು ಸರಿದಿವೆ. ಗಾದೆಗಳ ಕಾಲನಿರ್ಣಯ ಮಾಡುವವರು ಇದನ್ನು ಗಮನಿಸುವುದು ಅಗತ್ಯ. ವರಾಹಮಿಹಿರನ 'ಬೃಹತ್ಸಂಹಿತೆ'ಯಾದರೋ ಚಳಿಗಾಲದ ಮೋಡ ಗರ್ಭ ಕಟ್ಟಿ 195 ದಿನಗಳ ಬಳಿಕ ಮಳೆಯಾಗಿ ಹೆರುತ್ತದೆಂದು ಹೇಳುತ್ತದೆ. ಇದಕ್ಕೆ ಭೌತಿಕ ಆಧಾರವಿಲ್ಲ. ಇದನ್ನು 'ಜನಪದ ವಿಜ್ಞಾನ'ವೆಂದು ಮೆರೆಸುವ ಉತ್ಸಾಹ ಚಂದ್ರನ ಉಂಗುರದಂಥ ನಿಜವಾದ ಅವಲೋಕನಗಳಿಗೂ ಕೆಟ್ಟ ಹೆಸರು ತರುತ್ತದೆ.

ಇಂದಿನ ರೈತ ಆಕಾಶದೊಡನೆ ಹವಾಮಾನ ವರದಿಯನ್ನೂ ಓದುತ್ತಾನೆ. ಅದರ ಮಾತುಗಳಿಗೂ ಗೊತ್ತಾದ ಅಳತೆಗಳಿವೆ. 'ಒಂದೆರಡು ಕಡೆ' ಎಂದರೆ ಆ ವಲಯದ ಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ, 'ಕೆಲವೆಡೆ' ಎಂದರೆ ಶೇ. 50ರವರೆಗೆ, 'ಹಲವೆಡೆ' ಎಂದರೆ ಶೇ. 75ರವರೆಗೆ. 'ಹಗುರ ಮಳೆ' ಎಂಬುದು 24 ಗಂಟೆಗಳಲ್ಲಿ 2.5ರಿಂದ 15.5 ಮಿ.ಮೀ.; 64.5 ಮಿ.ಮೀ. ಮುಟ್ಟಿದರೆ ಮಾತ್ರ 'ಭಾರಿ'. ತೊಗರಿ ಕೊಯ್ದು ಹೊಲದಲ್ಲೇ ಒಣಹಾಕಿದವನಿಗೆ 'ಹಗುರ'ದ 15 ಮಿ.ಮೀ. ಹಗುರವಾದುದಲ್ಲ. ಕಾಳು ನೆನೆದು ಬಣ್ಣಗೆಟ್ಟರೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. 'ಒಂದೆರಡು ಕಡೆ ಹಗುರ ಮಳೆ' ಎಂದು ಕೇಳಿದ ಸಂಜೆಯೇ ಆತ ತಾಡಪಾಲು ಹುಡುಕುತ್ತಾನೆ.