ಹಿತ್ತಾಳೆಯ ಹೊಳಪು, ಹಿತ್ತಾಳೆಯ ಬಿರುಕು

ಈಡು ಹಾರಿದ ಮೇಲೆ ಕೋವಿಯಿಂದ ನೆಲಕ್ಕುದುರುವ ಬರಿಯ ಕಾಡತೂಸಿನ ಕೋಶವನ್ನು ಕಸವೆಂದು ಬಗೆಯದೆ, ಒಂದೊಂದನ್ನೇ ಬಾಗಿ ಆಯ್ದು, ಮನೆಗೆ ತಂದು, ತೊಳೆದು, ಪರೀಕ್ಷಿಸಿ, ಮರಳಿ ಮದ್ದು ತುಂಬುವುದಕ್ಕೆ ಯೋಗ್ಯವಾಗುವಂತೆ ಸಂಸ್ಕರಿಸುವ ಗೃಹಕೌಶಲವೊಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದ ನಡೆದುಬಂದಿದೆ. 1937ರಷ್ಟು ಹಿಂದೆಯೇ ಫಿಲಿಪ್ ಶಾರ್ಪ್ ಎಂಬಾತನು ಈ ವಿದ್ಯೆಯನ್ನು ಕುರಿತು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದನೆಂದರೆ ಅಲ್ಲಿಯ ಗುರಿಕಾರರಲ್ಲಿ ಇದು ಎಷ್ಟು ಬೇರೂರಿದೆಯೆಂಬುದನ್ನು ಊಹಿಸಬಹುದು. ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವಾದ್ದರಿಂದ ಇದು ನಮ್ಮ ಮನೆಗಳ ಕೆಲಸವಲ್ಲ. ಆದರೂ ಹಿತ್ತಾಳೆಯನ್ನು ಶುಚಿಗೊಳಿಸುವಾಗ ಅಲ್ಲಿಯವರು ತಪ್ಪದೆ ಪಾಲಿಸುವ ನಿಯಮವೊಂದರ ಹಿಂದೆ ಭಾರತದ ಮಳೆಗಾಲದ ಅನುಭವವಿರುವುದರಿಂದ, ಆ ವಿಷಯ ನಮಗೆ ಸಂಪೂರ್ಣವಾಗಿ ಪರಕೀಯವೂ ಅಲ್ಲ.

ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು: ಕಾಡತೂಸಿನ ಹಿತ್ತಾಳೆಯ ಪ್ರಸಿದ್ಧವಾದ ಪ್ರಮಾಣವಿದು. ಮದ್ದು ಹೊತ್ತಿದ ಕ್ಷಣದಲ್ಲಿ ಕೋಶವು ಹಿಗ್ಗಿ ಕೋವಿಯ ಒಳಗೋಡೆಗೆ ಬಿಗಿಯಾಗಿ ಒತ್ತಿಕೊಂಡು, ಉರಿಯುವ ಅನಿಲ ಹಿಂದಕ್ಕೆ ನುಗ್ಗದಂತೆ ತಡೆದು, ಒತ್ತಡವಿಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರಬೇಕು. ಮಾರ್ದವ ಸ್ಥೈರ್ಯಗಳೆರಡನ್ನೂ ಹೀಗೆ ಒಟ್ಟಿಗೆ ಧರಿಸಿದ ಲೋಹವಾದುದರಿಂದಲೇ ಅದಕ್ಕೆ ಪುನರುಪಯೋಗದ ಯೋಗ್ಯತೆ ಬಂದಿದೆ. ಬುಡದಲ್ಲಿರುವ ಸಿಡಿದ ಕೇಪನ್ನು ಮೊದಲು ಹೊರದೂಡಬೇಕು. ಅಮೆರಿಕದಲ್ಲಿ ಬಳಕೆಯಲ್ಲಿರುವುದು ನಟ್ಟನಡುವೆ ಒಂದೇ ರಂಧ್ರವುಳ್ಳ ಬಾಕ್ಸರ್ ವಿಧಾನವಾದುದರಿಂದ ಒಂದು ಸಣ್ಣ ಕಡ್ಡಿಯಿಂದಲೇ ಆ ಕೆಲಸ ಮುಗಿಯುತ್ತದೆ. ಬಾಕ್ಸರನು ಇಂಗ್ಲೆಂಡಿನ ಸೇನಾಧಿಕಾರಿ. ಯೂರೋಪಿನಲ್ಲಿ ಹೆಚ್ಚಾಗಿ ಹರಡಿದ, ಎರಡು ಕಿರುರಂಧ್ರಗಳುಳ್ಳ ವಿಧಾನವನ್ನು ರೂಪಿಸಿದ ಬರ್ಡನ್ನನಾದರೋ ಅಮೆರಿಕದವನು!

ಇನ್ನು ಶುದ್ಧೀಕರಣ. ಮಸಿಯೂ ಮರಳೂ ಮೆತ್ತಿದ ಕೋಶವನ್ನು ಅಳತೆಗೆ ತರುವ ಉಕ್ಕಿನ ಅಚ್ಚಿನೊಳಗೆ ಹಾಗೆಯೇ ತೂರಿಸಿದರೆ ಅಚ್ಚಿಗೂ ಗೀರುಬೀಳುತ್ತದೆ, ಕೋಶಕ್ಕೂ ಗೀರುಬೀಳುತ್ತದೆ. ಆದುದರಿಂದ ಕೆಲವರು ಅದುರುವ ಬೋಗುಣಿಯಲ್ಲಿ ಮುಸುಕಿನ ಜೋಳದ ದಿಂಡಿನ ತರಿಯೊಡನೆಯೋ ಅಕ್ರೋಟಿನ ಚಿಪ್ಪಿನ ಪುಡಿಯೊಡನೆಯೋ ಅವುಗಳನ್ನು ಗಂಟೆಗಟ್ಟಲೆ ಹೊರಳಿಸುತ್ತಾರೆ. ಮತ್ತೆ ಕೆಲವರು ತಿರುಗುವ ಪೀಪಾಯಿಯಲ್ಲಿ ನೀರು, ಸಾಬೂನು, ತುಸು ಸಿಟ್ರಿಕ್ ಆಮ್ಲ, ಉಕ್ಕಿನ ಸಣ್ಣ ಕಡ್ಡಿಗಳು ಇವನ್ನು ಕೂಡಿಸಿ ತಿರುಗಿಸುತ್ತಾರೆ. ಹೀಗೆ ತಿರುಗಿಸಿದರೆ ಒಳಮೈಯ ಮಸಿ ಕೂಡ ನಿಶ್ಶೇಷವಾಗಿ ಬಿಡುತ್ತದೆ. ಹಬ್ಬದ ಮುನ್ನಾದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬದ ಕಿಲುಬನ್ನು ಬಿಡಿಸುವ ನಮ್ಮ ಹೆಂಗಸರ ಕೈಯಲ್ಲಿ ನಡೆಯುವುದೂ ಇದೇ ರಸಾಯನಕ್ರಿಯೆ. ಆದರೆ ಆಮ್ಲ ಮಿತಿಮೀರಿದರೆ ಸತುವು ಲೋಹದ ಮೈಯಿಂದ ಕರಗಿಹೋಗಿ ತಾಮ್ರವೊಂದೇ ಉಳಿದು, ಕೋಶವು ನಸುಗೆಂಪಿಗೆ ತಿರುಗುತ್ತದೆ. ಆ ಬಣ್ಣ ಕಂಡಿತೆಂದರೆ ಮಿತಿ ಮೀರಿತೆಂದು ತಿಳಿಯತಕ್ಕದ್ದು.

ಒಣ ವಿಧಾನದಲ್ಲಿ ಏಳುವ ಧೂಳಿನ ವಿಷಯದಲ್ಲಿ ನಾನು ಕಠಿನವಾಗಿಯೇ ಹೇಳಬಯಸುತ್ತೇನೆ. ಕೇಪಿನೊಳಗಣ ಸ್ಫೋಟಕದಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುವುದರಿಂದ, ಸಿಡಿದ ಬಳಿಕ ಕೋಶದೊಳಗೆ ಉಳಿದ ಮಸಿಯಲ್ಲಿಯೂ ಸೀಸವುಂಟು. ಹೊರಳಿಸಿದ ತರಿಯನ್ನು ಮನೆಯೊಳಗೆ ಜರಡಿಯಾಡಿದರೆ ಆ ವಿಷ ಗಾಳಿಗೇರಿ ಹಾಸಿಗೆಯ ಮೇಲೆ, ತಟ್ಟೆಯ ಮೇಲೆ, ಅಂಬೆಗಾಲಿಡುವ ಕೂಸಿನ ಅಂಗೈಯ ಮೇಲೆ ಇಳಿಯುತ್ತದೆ. ಈ ಕೆಲಸಕ್ಕೆ ಅಡಿಗೆಮನೆಯನ್ನಾಗಲಿ ಅಡಿಗೆಯ ಪಾತ್ರೆಯನ್ನಾಗಲಿ ಮುಟ್ಟಕೂಡದು.

ಹೊಳಪಿನ ಆಸೆಯಿಂದ ಮಾಡಬಾರದ ಇನ್ನೊಂದು ಕೆಲಸವೆಂದರೆ ಅಮೋನಿಯಾ ಬೆರೆತ ಪಾಲಿಷನ್ನು ಬಳಸುವುದು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ, ಮಳೆಗಾಲದಲ್ಲಿ ಸೈನ್ಯದ ಚಟುವಟಿಕೆ ತಗ್ಗಿದಾಗ, ಭಾರತದ ದಂಡುಗಳಲ್ಲಿ ಕಾಡತೂಸುಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಮಳೆ ಹಿಂದೆಗೆದ ಮೇಲೆ ತೆಗೆದು ನೋಡಿದರೆ, ಒಂದು ಗುಂಡನ್ನೂ ಹಾರಿಸದಿದ್ದರೂ, ಎಷ್ಟೋ ಕೋಶಗಳ ಕೊರಳು, ವಿಶೇಷವಾಗಿ ಗುಂಡನ್ನು ಬಿಗಿಹಿಡಿದ ಭಾಗ, ಉದ್ದಕ್ಕೂ ಸೀಳಿರುತ್ತಿತ್ತು. ಋತುವಿನೊಡನೆ ಬರುವ ಈ ಬಿರುಕಿನ ಕಾರಣ ಬಹುಕಾಲ ಬಗೆಹರಿಯದೆ ಉಳಿದು, ಕೊನೆಗೆ 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿಜ್ಞಾನಿಗಳು ಅದನ್ನು ವಿವರಿಸಿದರು. ತಣ್ಣಗಿರುವಾಗಲೇ ಎಳೆದು ರೂಪಿಸಿದ ಹಿತ್ತಾಳೆಯಲ್ಲಿ ಕಣ್ಣಿಗೆ ಕಾಣದ ಒಳಬಿಗುವು ಉಳಿದಿರುತ್ತದೆ. ಕುದುರೆಯ ಮೂತ್ರದಿಂದ ಹೊಮ್ಮಿದ ಅಮೋನಿಯಾ ತೇವದೊಡನೆ ಕೂಡಿ ಲೋಹದ ಹರಳುಗಳ ಸಂದುಸಂದುಗಳನ್ನು ಕೊರೆಯುತ್ತದೆ. ಎರಡೂ ಕೂಡಿದೆಡೆ ಲೋಹ ಒಡೆಯುತ್ತದೆ. ಬಿಗುವೊಂದೇ ಇದ್ದರೂ, ಅಮೋನಿಯಾ ಒಂದೇ ಇದ್ದರೂ ಈ ಅನರ್ಥ ಸಂಭವಿಸದು. ಹದವಾದ ಶಾಖದಲ್ಲಿ ಕಾಯಿಸಿ ಬಿಗುವನ್ನು ಸಡಿಲಿಸುವುದು ಇದಕ್ಕೆ ಪರಿಹಾರವಾಯಿತು. ಇಂದಿನ ಗೃಹಕುಶಲರೂ, ಪ್ರತಿಸಾರಿ ಅಚ್ಚಿಗೆ ಹೊಕ್ಕು ಗಡುಸಾದ ಕೊರಳನ್ನಷ್ಟೇ ಜ್ವಾಲೆಗೆ ಹಿಡಿದು ಮೆದುಗೊಳಿಸುತ್ತಾರೆ. ಒತ್ತಡವನ್ನೆಲ್ಲ ಹೊರಬೇಕಾದ ಬುಡಕ್ಕೆ ಆ ಶಾಖ ತಾಗಗೊಡುವುದಿಲ್ಲ.

ಹೀಗಿರುವಲ್ಲಿ, ಕನ್ನಡಿಯಂತೆ ಮಿರುಗುವ ಕೋಶವೇ ಉತ್ತಮ ಕೋಶವೆಂಬ ಭಾವನೆ ನನಗೆ ಒಪ್ಪಿಗೆಯಾಗದು. ಮಂಕಾದರೂ ಮಸಿಯಿಲ್ಲದ ಕೋಶ ಮಿರುಗುವ ಕೋಶದಷ್ಟೇ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ತೊಳೆಯುವುದರ ನಿಜವಾದ ಪ್ರಯೋಜನ, ಮಸಿ ಮುಚ್ಚಿಟ್ಟಿದ್ದುದು ಬೆಳಕಿಗೆ ಬಂದು ಕಣ್ಣಿನ ಪರೀಕ್ಷೆಗೆ ದೊರೆಯುವುದು: ಬಾಯಂಚಿನ ಸೀಳು, ಕೊರಳಿನ ಗೆರೆ, ಬುಡಕ್ಕೆ ಸ್ವಲ್ಪ ಮೇಲೆ ಮೈಯನ್ನು ಸುತ್ತುವರಿದ ತೆಳುವಾದ ಹೊಳೆಯುವ ಉಂಗುರ. ಈ ಉಂಗುರವೇ ಎಲ್ಲಕ್ಕಿಂತ ಅಪಾಯಕರವಾದುದು. ಅಲ್ಲಿ ಗೋಡೆ ಎಳೆತಕ್ಕೆ ಸಿಕ್ಕಿ ಒಳಗಿನಿಂದ ತೆಳುವಾಗಿರಬಹುದು, ಮುಂದಿನ ಈಡಿನಲ್ಲಿ ಬುಡವೇ ಬೇರ್ಪಟ್ಟು ಉರಿಯುವ ಅನಿಲ ಹೊಡೆದವನ ಮುಖದೆಡೆಗೆ ನುಗ್ಗಬಹುದು. ಆದಕಾರಣ ಅನುಭವಿಗಳು ತುದಿ ಬಗ್ಗಿಸಿದ ತಂತಿಯೊಂದನ್ನು ಕೋಶದೊಳಗೆ ಇಳಿಬಿಟ್ಟು, ಗೋಡೆಯ ಮೇಲೆ ಮೆಲ್ಲಗೆ ಎಳೆದು, ತುದಿ ಎಲ್ಲಿಯಾದರೂ ತಗ್ಗಿಗೆ ಸಿಕ್ಕಿಕೊಳ್ಳುವುದೋ ಎಂದು ಬೆರಳಿನಿಂದಲೇ ಅರಿಯುತ್ತಾರೆ. ಸಿಕ್ಕಿಕೊಂಡರೆ, ಇನ್ನೊಬ್ಬರ ಕೈಗೆ ಹೋಗಿ ಅದು ಮತ್ತೆ ಕೋವಿಯನ್ನು ಸೇರದಿರಲೆಂದು, ಅಂಥ ಕೋಶವನ್ನು ಇಕ್ಕಳದಿಂದ ಅಲ್ಲಿಯೇ ಚಪ್ಪಟೆ ಮಾಡಿ ಗುಜರಿಯ ಡಬ್ಬಿಗೆ ಹಾಕುತ್ತಾರೆ.